ಸೌದೆಯ ಲೆಕ್ಕ: ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ ಮರದಿಂದ ಕರೆಂಟ್ ಮಾಡಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ತುಮಕೂರಿಂದ ಬೆಂಗಳೂರಿಗೆ ಹೊರಟ ರೈಲಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೂ, ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ ಬಸ್ಸಿಗೆ ಕಾಯ್ತಿರೋರಿಗೂ, ಕುಣಿಗಲ್ ಕಡೆ ತೋಟದಲ್ಲಿ ಮೋಟರ್ ಹಾಕಿ ಕರೆಂಟ್ ಯಾವಾಗ ಹೋಗುತ್ತೋ ಅಂತ ನೋಡ್ತಾ ಕೂತಿರೋರಿಗೂ ಸ್ವಾಗತ.

ಇವತ್ತಿನ ಕಥೆ ಶುರುವಾಗಿದ್ದು ನಮ್ಮ ಮನೆ ಹಿತ್ತಲಲ್ಲಿ. ನಮ್ಮೂರು ಗುಬ್ಬಿ ಹತ್ತಿರ. ಸ್ವಲ್ಪ ತೆಂಗು, ಸ್ವಲ್ಪ ಅಡಿಕೆ, ಉಳಿದದ್ದು ರಾಗಿ ಹೊಲ. ಹೋದ ಬೇಸಿಗೆಯಲ್ಲಿ ನಾನು ಊರಲ್ಲಿದ್ದಾಗ ಒಬ್ಬ ವ್ಯಾಪಾರಿ ಟೆಂಪೋ ತಂದ. ತೆಂಗಿನ ಚಿಪ್ಪು, ಮಟ್ಟೆ, ಒಣಗಿದ ಗರಿ, ಎಲ್ಲಾ ಒಟ್ಟಿಗೆ ಎತ್ಕೊಂಡು ಹೋಗ್ತೀನಿ, ಒಂದು ರೇಟು ಹೇಳಿ ಅಂದ. ಚಿಕ್ಕಪ್ಪ ತಕ್ಷಣ, ‘ಕಸ ತಾನೇ, ಕೊಟ್ರಾಯ್ತು’ ಅಂದ್ರು. ಜಗಲಿ ಮೇಲೆ ಕೂತಿದ್ದ ಅಜ್ಜಿ ತಲೆ ಎತ್ತಿ, ‘ಕಸ ಅಂತೀಯಲ್ಲಾ, ಯಾರಿಗೆ ಕಸ? ನಾಳೆ ಹಂಡೆಗೆ ಏನು ಹಾಕ್ಲಿ?’ ಅಂತ ಕೇಳಿದ್ರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಡ್ತು. ನಾನು ಬಿ.ಕಾಂ. ಓದಿದವಳು. ಕೆಮಿಸ್ಟ್ರಿಗೆ ಎಸ್‌ಎಸ್‌ಎಲ್‌ಸಿಯಲ್ಲೇ ಕೈಮುಗಿದಿದ್ದೆ. ಆದ್ರೆ ಲೆಕ್ಕದ ಪುಸ್ತಕ ಓದೋಕೆ ಬರುತ್ತೆ. ಮರ, ಗರಿ, ಚಿಪ್ಪು ಇವುಗಳಿಂದ ಗ್ಯಾಸ್, ಮೆಥನಾಲ್, ಹೈಡ್ರೋಜನ್ ಮಾಡಬಹುದು ಅಂತ ಇತ್ತೀಚೆಗೆ ತುಂಬಾ ಕೇಳ್ತಾ ಇದ್ದೀವಿ. ಇದೇನೋ ಹೊಸ ವಿಷಯ ಅಂದ್ಕೊಂಡು ಹುಡುಕ್ತಾ ಹೋದ್ರೆ ನನ್ನ ಬೆರಳು ಬಂದು ನಿಂತಿದ್ದು ನಮ್ಮದೇ ಜಿಲ್ಲೆಯ ಮೇಲೆ. ಅದೂ 1988ರಲ್ಲಿ.

ಊದುಗೊಳವೆಯ ಕೆಮಿಸ್ಟ್ರಿ

ಮೊದಲು ಒಲೆ ಮುಂದೆ ಕೂರೋಣ. ಹಸಿ ಸೌದೆ ಹಾಕಿದ್ರೆ ಏನಾಗುತ್ತೆ? ಹೊಗೆ, ಕಣ್ಣೀರು. ಆಮೇಲೆ ಊದುಗೊಳವೆ ತಗೊಂಡು ಕೆಂಡಕ್ಕೆ ಎರಡು ಸಲ ಊದಿದ್ರೆ ಆ ಹೊಗೆಗೇ ‘ಭಗ್’ ಅಂತ ಬೆಂಕಿ ಹತ್ತುತ್ತೆ. ಅಂದ್ರೆ ಹೊಗೆಯಲ್ಲೇ ಉರಿಯೋ ಅನಿಲ ಇತ್ತು. ಸೌದೆ ನೇರವಾಗಿ ಉರಿಯೋದಿಲ್ಲ. ಬಿಸಿಗೆ ಅದು ಮೊದಲು ಒಡೆದು ಅನಿಲ ಆಗುತ್ತೆ, ತಾರಿನಂಥ ಅಂಟು ಆವಿ ಆಗುತ್ತೆ, ಉಳಿದದ್ದು ಇದ್ದಿಲು.

ಗ್ಯಾಸಿಫೈಯರ್ ಅನ್ನೋ ಯಂತ್ರ ಮಾಡೋದು ಇದನ್ನೇ, ಆದ್ರೆ ಶಿಸ್ತಾಗಿ. ಎತ್ತರದ ಒಂದು ಕೊಳವೆಯಂಥ ಒಲೆ. ಮೇಲಿಂದ ಒಣಗಿದ, ಸಣ್ಣಗೆ ಕತ್ತರಿಸಿದ ಸೌದೆ ತುಂಡು ಹಾಕಬೇಕು. ಪೂರ್ತಿ ಉರಿಯೋಕೆ ಬೇಕಾದಷ್ಟು ಗಾಳಿ ಕೊಡಲ್ಲ, ಸ್ವಲ್ಪ ಮಾತ್ರ. ಹೊರಟ ಅನಿಲವನ್ನು ಕೆಂಪಗೆ ಕಾದ ಕೆಂಡದ ಪದರದ ಮೂಲಕ ಕೆಳಕ್ಕೆ ಎಳೀತಾರೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಕೆಂಡದ ಜೊತೆ ಸೇರಿ ಕಾರ್ಬನ್ ಮಾನಾಕ್ಸೈಡ್ ಆಗುತ್ತೆ. ನೀರಾವಿ ಕೆಂಡದ ಜೊತೆ ಸೇರಿ ಹೈಡ್ರೋಜನ್ ಬಿಡುತ್ತೆ. ತಾರು ಬಿಸಿ ಕೆಂಡದ ಮೈಮೇಲೆ ಒಡೆದು ಚಿಕ್ಕ ಅನಿಲಗಳಾಗುತ್ತೆ.

ಇಲ್ಲಿ ಕೆಂಡಕ್ಕೆ ಎರಡು ಪಾತ್ರ. ಒಂದು, ತಾನೇ ಕರಗಿ ಅನಿಲ ಆಗೋದು. ಇನ್ನೊಂದು, ತಾರು ಬೇಗ ಒಡೆಯೋ ಹಾಗೆ ಮಾಡೋದು. ಕ್ರಿಯೆ ಬೇಗ ನಡೆಯೋ ಹಾಗೆ ಮಾಡೋ ಇಂಥ ವಸ್ತುವಿಗೆ ಶಾಲೆಯಲ್ಲಿ ವೇಗವರ್ಧಕ ಅಂತ ಹೇಳಿಕೊಟ್ಟಿದ್ರಲ್ಲ, ಅದೇ ಕೆಲಸ. ಸೌದೆ ಬೂದಿಯಲ್ಲಿರೋ ಪೊಟ್ಯಾಶಿಯಂ, ಕ್ಯಾಲ್ಸಿಯಂ ಇದಕ್ಕೆ ನೆರವಾಗುತ್ತವೆ.

ಕೊನೆಗೆ ಸಿಗೋ ಅನಿಲದಲ್ಲಿ ಸುಮಾರು ಐದನೇ ಒಂದು ಪಾಲು ಕಾರ್ಬನ್ ಮಾನಾಕ್ಸೈಡ್, ಹೆಚ್ಚೂಕಡಿಮೆ ಅಷ್ಟೇ ಹೈಡ್ರೋಜನ್, ಚೂರು ಮೀಥೇನ್. ಉಳಿದದ್ದು ಹೆಚ್ಚಾಗಿ ಗಾಳಿಯಿಂದ ಬಂದ ನೈಟ್ರೋಜನ್. ತಣ್ಣಗೆ ಮಾಡಿ, ಸೋಸಿ, ಎಂಜಿನ್‌ಗೆ ಕೊಟ್ರೆ ಎಂಜಿನ್ ಓಡುತ್ತೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೇ ಹೋದಾಗ ಓಡಿದ ‘ಇದ್ದಿಲು ಬಸ್ಸು’ಗಳ ಕಥೆ ಹಿರಿಯರ ಬಾಯಲ್ಲಿ ಕೇಳಿರ್ತೀರಿ. ಅದೂ ಇದೇ ತಂತ್ರ. ಒಂದು ಎಚ್ಚರಿಕೆ: ಕಾರ್ಬನ್ ಮಾನಾಕ್ಸೈಡ್ ವಿಷ. ಯೂಟ್ಯೂಬ್ ನೋಡ್ಕೊಂಡು ಹಿತ್ತಲಲ್ಲಿ ಪ್ರಯೋಗ ಮಾಡೋಕೆ ಹೋಗಬೇಡಿ.

1923: ಒಂದೇ ವರ್ಷ, ಎರಡು ಊರು

ಮರದಿಂದ ರಾಸಾಯನಿಕ ತೆಗೆಯೋದು ಕರ್ನಾಟಕಕ್ಕೆ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲರಿಗೂ ಗೊತ್ತು. ಆದ್ರೆ ಅದು ಶುರುವಾದಾಗ ಹೆಸರಲ್ಲಿ ಕಬ್ಬಿಣದ ಜೊತೆಗೆ ‘ಮರದ ಭಟ್ಟಿ ಇಳಿಸುವಿಕೆ’ಯೂ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅಲ್ಲಿನ ಕುಲುಮೆಗೆ ಕಲ್ಲಿದ್ದಲಿನ ಬದಲು ಮಲೆನಾಡಿನ ಮರದ ಇದ್ದಿಲು. ಮರವನ್ನು ಗಾಳಿಯಿಲ್ಲದೆ ಮುಚ್ಚಿ ಕಾಯಿಸಿ ಇದ್ದಿಲು ಮಾಡುವಾಗ ಬರೋ ಆವಿಯನ್ನು ಹಿಡಿದು ಮರದ ಆಲ್ಕೋಹಾಲ್, ಅಂದ್ರೆ ಮೆಥನಾಲ್, ಸುಣ್ಣದ ಅಸಿಟೇಟ್, ತಾರು ತೆಗೀತಿದ್ರು. ಕಬ್ಬಿಣವೂ ಬರಬೇಕು, ಹೊಗೆಯಿಂದ ದುಡ್ಡೂ ಬರಬೇಕು ಅನ್ನೋ ಯೋಚನೆ.

ಭದ್ರಾವತಿಯಲ್ಲಿ ಬೀಡುಕಬ್ಬಿಣ ಹೊರಬಂದಿದ್ದು 1923ರಲ್ಲಿ. ಅದೇ 1923ರಲ್ಲಿ ಜರ್ಮನಿಯ ಲ್ಯೂನಾ ಅನ್ನೋ ಊರಲ್ಲಿ ಬಿಎಎಸ್‌ಎಫ್ ಕಂಪನಿ ಇನ್ನೊಂದು ಕೆಲಸ ಶುರು ಮಾಡ್ತು. ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಅನ್ನು ಭಾರೀ ಒತ್ತಡದಲ್ಲಿ ಸತು ಮತ್ತು ಕ್ರೋಮಿಯಂ ಆಕ್ಸೈಡ್‌ಗಳ ವೇಗವರ್ಧಕದ ಮೇಲೆ ಹಾಯಿಸಿ ನೇರವಾಗಿ ಮೆಥನಾಲ್ ತಯಾರಿಸೋದು. ಮರ ಬೇಡ, ಕಾಡು ಬೇಡ, ಕಲ್ಲಿದ್ದಲಿನಿಂದಲೇ ಆಗುತ್ತೆ. ಇದು ಬಂದ ಮೇಲೆ ಜಗತ್ತಿನ ಮಾರುಕಟ್ಟೆಯಲ್ಲಿ ಮರದ ಆಲ್ಕೋಹಾಲ್ ನಿಧಾನವಾಗಿ ಮೂಲೆಗೆ ಸರೀತು.

ನೋಡಿ, ಭದ್ರಾವತಿಯಲ್ಲಿ ಮಾಡಿದ ಮೆಥನಾಲ್‌ನಲ್ಲಿ ತಪ್ಪೇನೂ ಇರಲಿಲ್ಲ. ಬದಲಾಗಿದ್ದು ಅದರ ಬೆಲೆ, ಅದೂ ಸಾವಿರಾರು ಮೈಲಿ ದೂರದಲ್ಲಿ ಇನ್ಯಾರೋ ಮಾಡಿದ ಕೆಲಸದಿಂದ. ಈ ಪಾಠವನ್ನು ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ. ಈಗ ಅರವತ್ತು ವರ್ಷ ಮುಂದಕ್ಕೆ, ನಮ್ಮ ಜಿಲ್ಲೆಗೆ ಬರೋಣ.

ಉಂಗ್ರಕ್ಕೆ ಬಂದ ವಿಜ್ಞಾನಿಗಳು

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದ್ರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋ ಜಾಗದಲ್ಲಿ, ಅಮೂಲ್ಯ ಕೆ.ಎನ್. ರೆಡ್ಡಿ ಅನ್ನೋ ಪ್ರಾಧ್ಯಾಪಕರು ‘ಅಸ್ತ್ರ’ ಅನ್ನೋ ಗುಂಪು ಕಟ್ಟಿದ್ರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನ ಅನ್ನೋ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದ್ರೆ ಅಸ್ತ್ರ. ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದ ದೊಡ್ಡ ಹೆಸರು. ಜಗತ್ತಿನ ಎಷ್ಟೋ ಕಾಲೇಜುಗಳಲ್ಲಿ ಓದೋ ಪಠ್ಯಪುಸ್ತಕದ ಸಹಲೇಖಕರು. ಅಂಥವರು ಸೌದೆ, ಸಗಣಿ, ಒಲೆ ಕಡೆ ತಿರುಗಿದ್ರು.

ಅಸ್ತ್ರದ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. 1970ರ ದಶಕದ ಕೊನೆಯಲ್ಲಿ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಸುತ್ತಲಿನ ಆರು ಹಳ್ಳಿಗಳ ಶಕ್ತಿಯ ಲೆಕ್ಕ ಬರೆದದ್ದು. ಅಡುಗೆಗೆ ಎಷ್ಟು ಸೌದೆ, ದೀಪಕ್ಕೆ ಎಷ್ಟು ಸೀಮೆಎಣ್ಣೆ, ನೀರು ಹೊರೋಕೆ ಎಷ್ಟು ಗಂಟೆ, ಅದನ್ನು ಹೊತ್ತವರು ಯಾರು. ಉತ್ತರ? ಆ ಹಳ್ಳಿಗಳು ಬಳಸ್ತಿದ್ದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸೌದೆ. ಕರೆಂಟಿನ ಪಾಲು ಲೆಕ್ಕಕ್ಕೂ ಸಿಗದಷ್ಟು. ಸೌದೆ, ನೀರು ಹೊರೋ ಭಾರದ ದೊಡ್ಡ ಪಾಲು ಹೆಂಗಸರು, ಮಕ್ಕಳ ಮೇಲೆ. ನಿಮ್ಮ ಅಜ್ಜಿ ಮನೆಯಲ್ಲಿ ಹೊಗೆ ಕೊಳವೆ ಇರೋ ‘ಅಸ್ತ್ರ ಒಲೆ’ ನೋಡಿದ್ರೆ, ಅದರ ಬೇರು ಇದೇ ಕೆಲಸದಲ್ಲಿದೆ.

ಅದೇ ತಾಲ್ಲೂಕಿನ ಪುರ ಅನ್ನೋ ಹಳ್ಳಿಯಲ್ಲಿ ಮೊದಲು ಸಾಮೂಹಿಕ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ರು, ಮನೆಮನೆಗೆ ಅಡುಗೆ ಅನಿಲ ಕೊಡೋಣ ಅಂತ. ಆಗಲಿಲ್ಲ. ಊರಿನ ಸಗಣಿಯಿಂದ ಎಲ್ಲರ ಅಡುಗೆಗೆ ಬೇಕಾದಷ್ಟು ಗ್ಯಾಸ್ ಬರ್ತಿರಲಿಲ್ಲ. ಹಳ್ಳಿಯವರಿಗೆ ನಿಜವಾಗಿ ಬೇಕಾಗಿದ್ದು ಕುಡಿಯೋ ನೀರು. 1987ರಲ್ಲಿ ಅದೇ ಗ್ಯಾಸಿಂದ ಎಂಜಿನ್ ಓಡಿಸಿ ಬೋರ್‌ವೆಲ್ ನೀರು, ಮನೆಗೆ ದೀಪ ಕೊಟ್ರು. ಸಗಣಿ ತಂದವರಿಗೆ ಹೊತ್ತು ತಂದದ್ದಕ್ಕೆ ಸಣ್ಣ ಕೂಲಿ, ಜೊತೆಗೆ ಗೊಬ್ಬರವಾಗಿ ಬಗ್ಗಡ ವಾಪಸ್. ಆಗ ಯೋಜನೆ ನಿಂತ್ಕೊಳ್ತು. ಸ್ಥಾವರವೂ ಅದೇ, ಸಗಣಿಯೂ ಅದೇ. ಜನ ಕೇಳಿದ್ದನ್ನು ಕೊಟ್ಟದ್ದೇ ವ್ಯತ್ಯಾಸ.

ಹೊಸಹಳ್ಳಿಯ ದೀಪ

ಈಗ ಕಥೆಯ ಮಧ್ಯಕ್ಕೆ ಬಂದ್ವಿ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ. ಐವತ್ತು ಮನೆಯೂ ಇಲ್ಲದ ಊರು, ಕರೆಂಟ್ ಕಂಬ ಬಂದಿರಲಿಲ್ಲ. 1988ರಲ್ಲಿ ಅಲ್ಲಿ ಗ್ಯಾಸಿಫೈಯರ್ ಕೂರಿಸಿದ್ರು. ಯಂತ್ರದ ತಂತ್ರಜ್ಞಾನ ಬಂದದ್ದು ವಿಜ್ಞಾನ ಸಂಸ್ಥೆಯ ದಹನ ಪ್ರಯೋಗಾಲಯದಿಂದ. ಎಚ್.ಎಸ್. ಮುಕುಂದ ಅವರ ಗುಂಪು. ರಾಕೆಟ್ ಒಳಗೆ ಇಂಧನ ಹೇಗೆ ಉರಿಯುತ್ತೆ ಅಂತ ಅಧ್ಯಯನ ಮಾಡೋ ವಿಭಾಗದವರು ಸೌದೆ ಹೇಗೆ ಉರಿಯುತ್ತೆ ಅಂತ ತಲೆ ಕೆಡಿಸ್ಕೊಂಡಿದ್ರು. ಊರ ಪಕ್ಕದಲ್ಲೇ ಸೌದೆಗಂತ ಒಂದು ಸಣ್ಣ ತೋಪು ಬೆಳೆಸಿದ್ರು.

ಶುರುವಿನಲ್ಲಿದ್ದದ್ದು ಚಿಕ್ಕ ಎಂಜಿನ್. ಡೀಸೆಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಹೆಚ್ಚು ಪಾಲು ಸೌದೆ ಗ್ಯಾಸ್‌ನಲ್ಲಿ ಓಡೋದು. ಮುಂದೆ ಅದು 20 ಕಿಲೋವ್ಯಾಟ್‌ಗೆ ಬೆಳೀತು. ಮೊದಲು ಮನೆ ದೀಪ. ಆಮೇಲೆ ನಲ್ಲಿ ನೀರು. ಆಮೇಲೆ ಹಿಟ್ಟಿನ ಗಿರಣಿ, ಹೊಲಕ್ಕೆ ನೀರು.

ಎನ್.ಎಚ್. ರವೀಂದ್ರನಾಥ್, ಎಸ್. ದಾಸಪ್ಪ ಮತ್ತು ಸಂಗಡಿಗರು 2004ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದರ ಲೆಕ್ಕ ಪ್ರಕಟಿಸಿದ್ರು. ಹದಿನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆ ಯಂತ್ರ ಊರಿನ ವಿದ್ಯುತ್ ಅಗತ್ಯ ಪೂರೈಸಿತ್ತು. ಕೊನೆಯ ಆರು ವರ್ಷದಲ್ಲಿ ಶೇ. 85ಕ್ಕೂ ಹೆಚ್ಚು ದಿನ ದೀಪ ಮತ್ತು ನಲ್ಲಿ ನೀರು ಸಿಕ್ಕಿತ್ತು. ಆ ಕಾಲದ ಹಳ್ಳಿ ಕರೆಂಟ್ ನೆನಪಿದ್ದವರು ಈ ಅಂಕಿಯನ್ನು ಇನ್ನೊಂದು ಸಲ ಓದ್ತಾರೆ.

ನನ್ನ ಕಣ್ಣು ನಿಂತಿದ್ದು ಇನ್ನೊಂದು ಸಾಲಿನ ಮೇಲೆ. ಸೌದೆ, ನಡೆಸೋ ಖರ್ಚು, ರಿಪೇರಿ ಎಲ್ಲಾ ಸೇರಿ ಒಂದು ಯೂನಿಟ್‌ಗೆ ಬಿದ್ದ ವೆಚ್ಚ: 5 ಕಿಲೋವ್ಯಾಟ್ ಲೋಡ್ ಇದ್ದಾಗ 5 ರೂಪಾಯಿ 85 ಪೈಸೆ, 20 ಕಿಲೋವ್ಯಾಟ್ ಲೋಡ್ ಇದ್ದಾಗ 3 ರೂಪಾಯಿ 34 ಪೈಸೆ.

ಅದೇ ಯಂತ್ರ, ಅದೇ ಕೆಂಡ, ಅದೇ ಊರು. ವೆಚ್ಚ ಮಾತ್ರ ಹೆಚ್ಚೂಕಡಿಮೆ ಅರ್ಧ. ಕಾಮರ್ಸ್‌ನವರಿಗೆ ಇದು ಗೊತ್ತಿರೋ ಪಾಠ, ಸ್ಥಿರ ವೆಚ್ಚ. ಟೀ ಅಂಗಡಿ ಇಟ್ಟವನು ದಿನಕ್ಕೆ ಹತ್ತು ಟೀ ಮಾರಿದ್ರೂ ಅಂಗಡಿ ಬಾಡಿಗೆ ಕಟ್ಟಬೇಕು, ಹುಡುಗನಿಗೆ ಸಂಬಳ ಕೊಡಬೇಕು. ಇನ್ನೂರು ಟೀ ಮಾರಿದ್ರೆ ಒಂದೊಂದು ಟೀ ಮೇಲೆ ಬೀಳೋ ಭಾರ ಕಮ್ಮಿ. ಗ್ಯಾಸಿಫೈಯರ್ ಹತ್ರ ಸೌದೆ ಕತ್ತರಿಸೋಕೆ, ಸೋಸೋ ಭಾಗ ತೊಳೆಯೋಕೆ ಒಬ್ಬ ಇರಲೇಬೇಕು, ಉರಿಯೋದು ನಲವತ್ತು ಬಲ್ಬ್ ಆದ್ರೂ ಸರಿ, ಗಿರಣಿ ಮೋಟರ್ ಆದ್ರೂ ಸರಿ. ಬರೀ ಸಂಜೆ ದೀಪಕ್ಕೆ ಯಂತ್ರ ಓಡಿಸಿದ್ರೆ ಲೆಕ್ಕ ಕೂರಲ್ಲ. ನೀರು, ಗಿರಣಿ, ಹೊಲ ಸೇರಿದಾಗ ಕೂರುತ್ತೆ.

ಅಂದ್ರೆ ಕೆಮಿಸ್ಟ್ರಿಯ ಸಮಸ್ಯೆ 1988ಕ್ಕೇ ಬಹುಮಟ್ಟಿಗೆ ಬಗೆಹರಿದಿತ್ತು. ಉಳಿದದ್ದು ಲೆಕ್ಕದ ಪುಸ್ತಕದ ಸಮಸ್ಯೆ: ಬಡ ಊರು ಯಂತ್ರಕ್ಕೆ ಸಾಕಾಗೋಷ್ಟು ಕರೆಂಟ್ ಬಳಸೋದು ಹೇಗೆ?

ಊರಿನ ಕರೆಂಟ್ ಗ್ರಿಡ್‌ಗೆ

ಅದಕ್ಕೊಂದು ಉತ್ತರ, ಉಳಿದ ಕರೆಂಟನ್ನು ಗ್ರಿಡ್‌ಗೆ ಮಾರೋದು. 2001ರ ಹೊತ್ತಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ರಾಜ್ಯ ಸರ್ಕಾರ ‘ಬೆರಿ’ ಅನ್ನೋ ಯೋಜನೆ ತಂತು. ಗ್ರಾಮೀಣ ಭಾರತಕ್ಕೆ ಜೈವಿಕ ಶಕ್ತಿ ಅನ್ನೋ ಅರ್ಥ. ಆಯ್ಕೆಯಾದದ್ದು ಮತ್ತೆ ತುಮಕೂರು ಜಿಲ್ಲೆ. ಕಬ್ಬಿಗೆರೆ ಸೇರಿ ಮೂರು ಕಡೆ ಒಟ್ಟು 0.88 ಮೆಗಾವ್ಯಾಟ್ ಸಾಮರ್ಥ್ಯದ ಗ್ಯಾಸಿಫೈಯರ್ ಸ್ಥಾವರಗಳು ಬಂದವು.

ಕೆಲಸ ಸಲೀಸಾಗಿ ನಡೀಲಿಲ್ಲ. 100 ಕಿಲೋವ್ಯಾಟ್‌ನ ಒಂದು ಸ್ಥಾವರ ನಿರೀಕ್ಷೆ ಮುಟ್ಟದೇ ಹೋದಾಗ ವಿಜ್ಞಾನ ಸಂಸ್ಥೆಯವರೇ ಕೈಹಾಕಿ ಸರಿಮಾಡಿ, ನಡೆಸೋರಿಗೆ ತರಬೇತಿ ಕೊಟ್ಟು, 1,035 ಗಂಟೆ ಓಡಿಸಿ ತೋರಿಸಿದ್ರು. 111 ಟನ್ ಸೌದೆ ಹೋಯ್ತು, 80,600 ಯೂನಿಟ್ ಬಂತು. ಒಂದು ಯೂನಿಟ್‌ಗೆ ಸುಮಾರು 1.36 ಕಿಲೋ. ಆ ಅವಧಿಯಲ್ಲೂ ಸುಮಾರು 70 ಗಂಟೆ ಗ್ರಿಡ್ ಕೈಕೊಟ್ಟಿತ್ತು. ಊರಲ್ಲಿ ಸೌದೆ ಇದೆ, ಯಂತ್ರ ಇದೆ, ಕೆಲಸ ಗೊತ್ತಿರೋರು ಇದ್ದಾರೆ. ಆದ್ರೆ ಲೈನಲ್ಲಿ ಕರೆಂಟ್ ಹೋದ್ರೆ ಲೈನಿಗೆ ಕರೆಂಟ್ ಕೊಡೋಕೂ ಆಗಲ್ಲ.

ಈಗ ಇನ್ನೊಂದು ಅಂಕಿ. ಆ ಸ್ಥಾವರ ಗಂಟೆಗೆ 107 ಕಿಲೋ ಸೌದೆ ತಿಂತಿತ್ತು. ಹಗಲೂ ರಾತ್ರಿ ಓಡಿದ್ರೆ ದಿನಕ್ಕೆ ಎರಡೂವರೆ ಟನ್, ತಿಂಗಳಿಗೆ ಸುಮಾರು 77 ಟನ್. ಅದೂ ಒಣಗಿದ್ದು, ಕತ್ತರಿಸಿದ್ದು. ಸೌದೆ ಕಿಲೋಗೆ ಒಂದು ರೂಪಾಯಿ ಏರಿದ್ರೆ ಯೂನಿಟ್ ಮೇಲೆ 1 ರೂಪಾಯಿ 36 ಪೈಸೆ ಏರುತ್ತೆ. ಹೊಸಹಳ್ಳಿಯಲ್ಲಿ ಸೌದೆ ಊರ ತೋಪಿಂದ ಬರ್ತಿತ್ತು, ದೀಪ ಊರ ಮನೆಗೆ ಹೋಗ್ತಿತ್ತು. ಗ್ರಿಡ್ ಸೇರಿದ ಮೇಲೆ ಸೌದೆ ಬೆಲೆ ಒಂದು ಮಾರುಕಟ್ಟೆಯಲ್ಲಿ, ಕರೆಂಟ್ ಬೆಲೆ ಇನ್ನೊಂದು ಕಚೇರಿಯಲ್ಲಿ. ಎರಡರ ನಡುವೆ ಊರು. ಭದ್ರಾವತಿಯ ಮೆಥನಾಲ್ ನೆನಪಾಯ್ತಾ?

ಅದೇ ಎರಡೂವರೆ ಟನ್

ಕಥೆ ಅಲ್ಲಿಗೇ ನಿಂತಿಲ್ಲ. 2022ರಲ್ಲಿ ವಿಜ್ಞಾನ ಸಂಸ್ಥೆಯ ಅದೇ ದಾಸಪ್ಪ ಅವರ ಗುಂಪು ಇನ್ನೊಂದು ಹೆಜ್ಜೆ ಇಟ್ಟ ಸುದ್ದಿ ಬಂತು. ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಕೊಟ್ಟು ಸೌದೆಯಿಂದ ಹೈಡ್ರೋಜನ್ ತೆಗೆಯೋದು. ಒಂದು ಕಿಲೋ ಜೈವಿಕ ವಸ್ತುವಿಗೆ 100 ಗ್ರಾಂ ಹೈಡ್ರೋಜನ್. ಸೌದೆಯ ಒಳಗೆ ಇರೋದೇ ಸುಮಾರು 60 ಗ್ರಾಂ. ಉಳಿದದ್ದು ಹಬೆಯಿಂದ ಬರುತ್ತೆ. ಊದುಗೊಳವೆ ಪಾಠದಲ್ಲಿ ನೀರಾವಿ ಕೆಂಡ ಮುಟ್ಟಿ ಹೈಡ್ರೋಜನ್ ಬಿಡುತ್ತೆ ಅಂದೆನಲ್ಲ, ಅದೇ ತಂತ್ರ ಇನ್ನೂ ಪಕ್ಕಾ ಆಗಿದೆ. ಇದೇ ಅನಿಲವನ್ನು ತಾಮ್ರ ಮತ್ತು ಸತುವಿನ ವೇಗವರ್ಧಕದ ಮೇಲೆ ಹಾಯಿಸಿದ್ರೆ ಮೆಥನಾಲ್ ಕೂಡ ಆಗುತ್ತೆ. ಲ್ಯೂನಾದಲ್ಲಿ ಮರವನ್ನು ಪಕ್ಕಕ್ಕೆ ಸರಿಸಿದ ಕೆಮಿಸ್ಟ್ರಿ ನೂರು ವರ್ಷದ ಮೇಲೆ ಮರವನ್ನೇ ವಾಪಸ್ ಕರೀತಿದೆ.

ಮುಂದಿನ ಗುರಿ ದಿನಕ್ಕೆ ಕಾಲು ಟನ್ ಹೈಡ್ರೋಜನ್ ಅಂತ ಆಗ ಹೇಳಿದ್ರು. ಪೆನ್ನು ತಗೊಳ್ಳಿ. ಕಿಲೋಗೆ 100 ಗ್ರಾಂ ಅಂದ್ರೆ 250 ಕಿಲೋ ಹೈಡ್ರೋಜನ್‌ಗೆ ದಿನಕ್ಕೆ ಎರಡೂವರೆ ಟನ್ ಒಣ ಸೌದೆ. 100 ಕಿಲೋವ್ಯಾಟ್‌ನ ಆ ಸ್ಥಾವರ ತಿಂತಿದ್ದಷ್ಟೇ! ಯಂತ್ರ ಎಷ್ಟೇ ಜಾಣ ಆಗಲಿ, ಎರಡೂವರೆ ಟನ್ ಅನ್ನು ಯಾರೋ ಆಯಬೇಕು, ಒಣಗಿಸಬೇಕು, ಹೊರಬೇಕು.

ನಾನು ಈ ತಂತ್ರಜ್ಞಾನದ ವಿರೋಧಿ ಅಲ್ಲ. ಡೀಸೆಲ್ ಉರಿಸೋದಕ್ಕಿಂತ ಚಿಪ್ಪಿಂದ ಹೈಡ್ರೋಜನ್ ಬಂದ್ರೆ ನನಗೂ ಖುಷಿ. ನಮ್ಮ ಜಿಲ್ಲೆಯಲ್ಲಿ ತೆಂಗಿಗೆ ಬರ ಇಲ್ಲ. ಆದ್ರೆ ಮುಂದಿನ ಸಲ ಯಾರಾದ್ರೂ ‘ನಿಮ್ಮ ಕಸ ನಮ್ಮ ಕಚ್ಚಾವಸ್ತು’ ಅಂತ ಬಂದ್ರೆ ಕುಣಿಗಲ್ ಕಲಿಸಿದ ಮೂರು ಪ್ರಶ್ನೆ ಕೇಳಿ. ಒಂದು, ಇದನ್ನು ಆಯ್ದು ಹೊರೋರಿಗೆ ಕೂಲಿ ಏನು? ಪುರದಲ್ಲಿ ಸಗಣಿ ಹೊತ್ತವರಿಗೂ ಕೊಟ್ಟಿದ್ರು. ಎರಡು, ಮಣ್ಣಿಗೆ ವಾಪಸ್ ಏನು ಬರುತ್ತೆ? ಅಲ್ಲಿ ಬಗ್ಗಡ ಹೊಲಕ್ಕೆ ಹೋಗ್ತಿತ್ತು. ತೆಂಗಿನ ಮಟ್ಟೆಯಲ್ಲಿ ಪೊಟ್ಯಾಶ್ ಇದೆ, ಬುಡಕ್ಕೆ ಹಾಕಿದ್ರೆ ಅದು ಗೊಬ್ಬರ, ತೇವವನ್ನೂ ಹಿಡಿಯುತ್ತೆ. ಮೂರು, ಬೆಲೆ ಬಿದ್ದ ದಿನ ನಷ್ಟ ಯಾರ ಪಾಲು?

ನಮ್ಮ ಹಿತ್ತಲಿನ ವ್ಯವಹಾರ ಏನಾಯ್ತು ಅಂತ ಹೇಳಿಬಿಡ್ತೀನಿ. ಚಿಪ್ಪು ಕೊಟ್ವಿ, ಒಳ್ಳೆ ರೇಟಿಗೆ. ಗರಿ, ಮಟ್ಟೆ ಕೊಡಲಿಲ್ಲ. ಅರ್ಧ ತೆಂಗಿನ ಬುಡಕ್ಕೆ, ಅರ್ಧ ಅಜ್ಜಿ ಹಂಡೆ ಒಲೆಗೆ. ಚಿಕ್ಕಪ್ಪ ಗೊಣಗಿದ್ರು. ಅಜ್ಜಿ ಮಾತ್ರ ದುಡ್ಡು ಎಣಿಸಿ ಸೆರಗಿಗೆ ಗಂಟು ಹಾಕ್ಕೊಂಡು, ‘ಈಗ ಹೇಳು, ಕಸಾನಾ?’ ಅಂದ್ರು.

ನಿಮ್ಮ ಮನೆಯಲ್ಲಿ ಅಸ್ತ್ರ ಒಲೆ ಇತ್ತಾ? ಉಂಗ್ರ, ಪುರ, ಹೊಸಹಳ್ಳಿ ಕಡೆಯವರು ಯಾರಾದ್ರೂ ಕೇಳ್ತಿದ್ರೆ, ಸೌದೆಯಿಂದ ಉರಿದ ಆ ಬಲ್ಬಿನ ಕೆಳಗೆ ಓದಿದ ನೆನಪು ಇದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ಆ ಲೆಕ್ಕವನ್ನು ಪತ್ರಿಕೆಯಲ್ಲಿ ಓದಿದ್ದೀನಿ, ನಿಮ್ಮ ಬಾಯಿಂದ ಕೇಳೋದು ಬಾಕಿ ಇದೆ.